ಬೆಳಗಿನ ಪಾಳಿಗೆ ಹೊರಡದ ಕಾರು

ಹೊಳಗುಂದ
6 ಆಗಸ್ಟ್ 2023

ಅಪ್ಪನಿಗೆ ಶರಣು.

ಇದು ಫೋನಿನಲ್ಲಿ ಆಗುವ ಮಾತಲ್ಲವೆಂದು ಬರೆಯುತ್ತಿದ್ದೇನೆ. ನಾನು ಹೇಳಿದ್ದನ್ನು ಅಮ್ಮ ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳುವಷ್ಟರಲ್ಲಿ ಅರ್ಧ ಅಮ್ಮನ ಮಾತೇ ಆಗಿರುತ್ತದೆ. ತಂಗಿ ಸುಷ್ಮಾಳ ಮೊಬೈಲಿಗೆ ಫೋಟೋ ಕಳಿಸಿದರೆ ಅಷ್ಟು ಸಣ್ಣದರಲ್ಲಿ ವೈರು ಕಾಣುವುದಿಲ್ಲ ಎನ್ನುತ್ತೀರಿ. ಆದೋನಿಯ ಲಾರಿಗಳ ಹಾರ್ನ್ ರಿಪೇರಿ ಮಾಡುತ್ತಲೇ ನಿಮ್ಮ ಕಿವಿ ಹೋಯಿತು. ಕಣ್ಣಿನ್ನೂ ಗಟ್ಟಿಯಿದೆಯಲ್ಲ, ಓದಿ.

ನೀವು ವೈರಿಂಗ್ ಅಂಗಡಿ ಮುಚ್ಚುವಾಗ ನನಗೆ ಕೊಟ್ಟ ಬಿಳಿ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ. ಎಲ್ಲ ಬೆಳಿಗ್ಗೆಯೂ ಅಲ್ಲ. ಕೀಲಿ ತಿರುವಿದರೆ ಮುಂದಿನ ಕೆಂಪು ದೀಪಗಳು ಹತ್ತುತ್ತವೆ, ಹಾರ್ನ್ ಹೊಡೆಯುತ್ತದೆ. ಇನ್ನೊಂದು ಸುತ್ತು ತಿರುವಿದರೆ ಏನೂ ಇಲ್ಲ. ಟಿಕ್ ಎನ್ನುವ ಸದ್ದು ಕೂಡ ಇಲ್ಲ. ಮಧ್ಯಾಹ್ನ ಮೆಕ್ಯಾನಿಕ್ ಮಾರೆಣ್ಣ ಬಂದು ಕೂತರೆ ಮೊದಲ ಸಲಕ್ಕೇ ಸ್ಟಾರ್ಟ್! "ಬಂಡಿಕಿ ಏಮೀ ಕಾಲೇದಕ್ಕಾ, ಏನೂ ಆಗಿಲ್ಲ. ನೀವ ಸರಿಯಾಗಿ ತಿರುವಿಲ್ಲ" ಎಂದು ನಗುತ್ತಾನೆ.

ನಿಮಗೆ ಗೊತ್ತಲ್ಲ, ಸಿರುಗುಪ್ಪದ ಡಯಾಲಿಸಿಸ್ ಸೆಂಟರಿನಲ್ಲಿ ನನಗೆ ಬೆಳಗಿನ ಪಾಳಿ. ರೋಗಿಗಳು ಆರು ಗಂಟೆಗೇ ಬಂದು ಮಲಗಿರುತ್ತಾರೆ. ಇಲ್ಲಿಂದ ಮೊದಲ ಬಸ್ಸು ಹಿಡಿದು ಹಗರಿ ಹೊಳೆ ದಾಟಿ ಹೋಗುವಷ್ಟರಲ್ಲಿ ಅವರ ಅರ್ಧ ರಕ್ತ ಶುದ್ಧವಾಗಿರಬೇಕು. ಕಾರಿಲ್ಲದಿದ್ದರೆ ಈ ಕೆಲಸವಿಲ್ಲ. ಮೂರು ವರ್ಷ ಓದಿದ ಮೇಲೆ, ಮದುವೆಯಾಗಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕ ಕೆಲಸ.

ಇವರಂತೂ ಒಂದು ದಿನವೂ ಹೋಗಬೇಡ ಎಂದಿಲ್ಲ. ನಿನ್ನೆ ಕಾರು ನಿಂತಾಗ ಹಲ್ಲುಜ್ಜುತ್ತಾ ಬಂದು ನೋಡಿದರು. "ನಿನ್ನ ಕೈಗುಣ ನೋಡು ಗಂಗೋತ್ರಿ. ಮಿಕ್ಸಿ ಮುಟ್ಟಿದಿ, ಅದು ಹೋತು. ಈಗ ಇದು. ನಾನ್ಯಾವತ್ತರ ಬ್ಯಾಡ ಅಂದೀನೇನು?" ಎಂದರು. ಅತ್ತೆ ಒಳಗಿನಿಂದ ನಕ್ಕರು. ನನಗೂ ನಗು ಬಂತು, ಆಮೇಲೆ ಅಳು ಬಂತು.

ಏನು ನೋಡಲಿ, ಎಲ್ಲಿಂದ ಶುರು ಮಾಡಲಿ, ಬರೆಯಿರಿ.

ನಿಮ್ಮ ಮಗಳು
ಗಂಗೋತ್ರಿ


ಆದೋನಿ
11 ಆಗಸ್ಟ್ 2023

ಚಿ. ಗಂಗೋತ್ರಿಗೆ ಆಶೀರ್ವಾದ.

ಪತ್ರ ಓದಿದೆ. ಮಾರೆಣ್ಣನಿಗೆ ಇಂಜಿನ್ ಗೊತ್ತು, ಕರೆಂಟು ಗೊತ್ತಿಲ್ಲ. ಅವನ ಮಾತಿಗೆ ಬೇಜಾರಾಗಬೇಡ. ನೀನು ಏಳನೇ ಕ್ಲಾಸಿನಲ್ಲೇ ಟಾರ್ಚ್ ಹಿಡಿದು ನನ್ನ ಪಕ್ಕ ನಿಂತು ಕೆಂಪು ಯಾವುದು, ಕರಿ ಯಾವುದು ಎಂದು ಹೇಳಿದವಳು. ನಾನು ಹೇಳಿದಂತೆ ಮಾಡು.

ಮೊದಲು ಕೈಬಳೆ, ಉಂಗುರ ತೆಗೆದಿಡು. ಬ್ಯಾಟರಿಯ ಎರಡು ತಲೆಗಳ ನಡುವೆ ಬಳೆ ತಾಗಿದರೆ ಮಾಂಸ ಸುಡುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ತಲೆಗಳ ಮೇಲೆ ಬಿಳಿ ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆ ಬ್ರಷ್ಷಿನಿಂದ ತಿಕ್ಕು.

ಮುಂದಿನ ಸಲ ನಿಂತಾಗ ಹೆಡ್‌ಲೈಟ್ ಹಾಕಿ ಕೀಲಿ ತಿರುವು. ದೀಪ ಮಂಕಾದರೆ ಬ್ಯಾಟರಿಯದೋ ತಲೆಗಳದೋ ದೋಷ. ಮಂಕಾಗದೆ ಹಾಗೇ ಉರಿದರೆ ಬ್ಯಾಟರಿ ಚೆನ್ನಾಗಿದೆ, ನಿನ್ನ ಕೀಲಿಯ ಹುಕುಂ ಸ್ಟಾರ್ಟರಿಗೆ ಮುಟ್ಟುತ್ತಿಲ್ಲ ಎಂದರ್ಥ. ಆಗ ಟೆಸ್ಟ್ ಲ್ಯಾಂಪ್ ಬೇಕು. ಇಂಡಿಕೇಟರಿನ ಒಂದು ಸಣ್ಣ ಬಲ್ಬು ತಂದು ಎರಡು ವೈರು ಜೋಡಿಸು. ಒಂದರ ತುದಿಯನ್ನು ಕಾರಿನ ಕಬ್ಬಿಣಕ್ಕೆ ಕಚ್ಚಿಸು, ಇನ್ನೊಂದನ್ನು ಸ್ಟಾರ್ಟರ್ ಮೋಟರಿನ ಸಣ್ಣ ವೈರಿಗೆ ಮುಟ್ಟಿಸು. ಗೇರು ನ್ಯೂಟ್ರಲ್‌ನಲ್ಲಿರಲಿ. ಯಾರಾದರೂ ಕೀಲಿ ತಿರುವಿದಾಗ ಬಲ್ಬು ಹತ್ತಬೇಕು. ಹತ್ತದಿದ್ದರೆ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ದೋಷ ಎಲ್ಲಿಗೂ ಓಡಿಹೋಗುವುದಿಲ್ಲ, ವೈರಿನ ಎರಡು ತುದಿಗಳ ನಡುವೆಯೇ ಕೂತಿರುತ್ತದೆ.

ನಿನ್ನ ಅಮ್ಮನ ಮೊಣಕಾಲು ಹಾಗೇ ಇದೆ. ಸುಷ್ಮಾಳಿಗೆ ಪೆದ್ದಕಡುಬೂರಿನ ಸಂಬಂಧ ಬಂದಿದೆ. ನಿನ್ನ ಅತ್ತೆ ಗುರುಬಸಮ್ಮನವರ ತಮ್ಮನ ಮಗ ಸಿದ್ದಲಿಂಗೇಶ್. ಹತ್ತಿ ಮಿಲ್ಲು ಅವರದು. ಗುರುಬಸಮ್ಮನವರು ಒಂದು ಮಾತು ಹೇಳಿದರೆ ಆಗಿಯೇ ಹೋಗುತ್ತದೆ. ಅವರ ಜೊತೆ ಚೆನ್ನಾಗಿರು.

ನಿನ್ನ ಅಪ್ಪ
ಚನ್ನಬಸಯ್ಯ


ಹೊಳಗುಂದ
10 ಸೆಪ್ಟೆಂಬರ್ 2023

ಅಪ್ಪನಿಗೆ ಶರಣು.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ತಲೆಗಳನ್ನು ತಿಕ್ಕಿ ಬೆಳಗಿದೆ. ಮಾರೆಣ್ಣನ ಮೀಟರ್ ಇಸಿದುಕೊಂಡು ನೋಡಿದೆ, ಬ್ಯಾಟರಿ ತುಂಬಿದೆ. ಕಾರು ನಿಂತ ದಿನ ಹೆಡ್‌ಲೈಟ್ ಹಾಕಿ ಕೀಲಿ ತಿರುವಿದೆ. ದೀಪ ಸ್ವಲ್ಪವೂ ಮಂಕಾಗಲಿಲ್ಲ. ಎದುರು ಗೋಡೆಯ ಮೇಲೆ ಬೆಳಕು ನನ್ನನ್ನೇ ನೋಡುತ್ತಾ ನಿಂತಿತ್ತು. ಆಮೇಲೆ ಪಕ್ಕದ ಮನೆಯ ಕೊಂಡಮ್ಮನನ್ನು ಕೂರಿಸಿ ಕೀಲಿ ತಿರುವಲು ಹೇಳಿ, ಬಲ್ಬನ್ನು ಸಣ್ಣ ವೈರಿಗೆ ಮುಟ್ಟಿಸಿದೆ. ಹತ್ತಲಿಲ್ಲ. ಮರುದಿನ ಕಾರು ಸ್ಟಾರ್ಟ್ ಆಯಿತಲ್ಲ, ಆಗ ಮುಟ್ಟಿಸಿದರೆ ಜಗ್ಗನೆ ಹತ್ತಿತು. ಆ ಬಲ್ಬು ಹತ್ತಿದ್ದಕ್ಕೆ ಆದ ಖುಷಿ ನನ್ನ ಮೊದಲ ಸಂಬಳಕ್ಕೂ ಆಗಿರಲಿಲ್ಲ.

ಒಂದು ವಿಚಿತ್ರ ಬರೆಯುತ್ತೇನೆ. ಇವರು ಹತ್ತಿಯ ವ್ಯಾಪಾರಕ್ಕೆಂದು ಗುಂಟೂರಿಗೆ ಹೋಗಿದ್ದರು. ಅವರಿಲ್ಲದ ಅಷ್ಟೂ ದಿನ ಕಾರು ಒಂದೇ ತಿರುವಿಗೆ ಹೊರಟಿತು. ಬಂದರು, ಮರುದಿನವೇ ನಿಂತಿತು. "ಕಾರಿಗೂ ನಿಮ್ಮ ಭಯ ಐತಿ ನೋಡ್ರಿ" ಎಂದು ನಾನು ನಕ್ಕೆ. ಅವರು ನಗಲಿಲ್ಲ. ತಟ್ಟೆಯಿಂದ ತಲೆ ಎತ್ತದೆ ರೊಟ್ಟಿ ಮುರಿದರು.

ಅವತ್ತು ಅವರೇ ತಮ್ಮ ದೊಡ್ಡ ಕಾರಿನಲ್ಲಿ ಬಿಡುತ್ತೇನೆಂದರು. ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿಸಿ ಹೊರಡುವಷ್ಟರಲ್ಲಿ ಬಿಸಿಲೇರಿತ್ತು. ದಾರಿಯಲ್ಲಿ ನಿಲ್ಲಿಸಿ ನನಗೆ ಹೂವು ಕೊಡಿಸಿದರು. ಸೆಂಟರಿನಲ್ಲಿ ನಮ್ಮ ಇನ್‌ಚಾರ್ಜ್ ರಾಮಲಕ್ಷ್ಮಿ ಮೇಡಂ ಬಾಗಿಲಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಇವರು, "ಮೇಡಂ, ಆಕಿನ್ನ ಬೈಬ್ಯಾಡ್ರಿ. ಪಾಪ, ಕೆಲಸದ ಆಸಿ ಬಾಳ ಐತಿ, ಮುಂಜಾನೆ ಏಳಾಕ ಆಗಂಗಿಲ್ಲ" ಎಂದರು. ನಾನು ನಾಲ್ಕು ಗಂಟೆಗೆ ಎದ್ದಿದ್ದೆ ಅಪ್ಪ. ಹೂವು ಮುಡಿದುಕೊಂಡು ತಡವಾಗಿ ಬಂದವಳು ಏನು ಹೇಳಿದರೆ ಯಾರು ನಂಬುತ್ತಾರೆ?

ನಮ್ಮಲ್ಲಿ ಭೀಮಲಿಂಗಪ್ಪ ಎಂಬ ಕುರಿ ಸಾಕುವ ಮುದುಕ ಬರುತ್ತಾನೆ. ನಾನು ಸೂಜಿ ಚುಚ್ಚಿದರೆ ನೋಯುವುದಿಲ್ಲವಂತೆ. ಆ ದಿನ ನಾನಿಲ್ಲದೆ ಹೊಸ ಹುಡುಗಿ ಚುಚ್ಚಿ, ನರ ಸಿಗದೆ ಮತ್ತೆ ಚುಚ್ಚಿ, ಅವನ ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ಎಲ್ಲಿ ಹೋಗಿದ್ದಿ ಯವ್ವಾ" ಎಂದ.

ಬಾನೆಟ್ಟಿನೊಳಗೆ ಬ್ಯಾಟರಿಯ ಪಕ್ಕ ಕರಿ ಡಬ್ಬಿಯಿದೆಯಲ್ಲ, ಫ್ಯೂಸುಗಳದು, ಅದರಲ್ಲಿ ನೋಡಬೇಕೇ? ಕೇಳದೆ ಮುಟ್ಟುವುದಿಲ್ಲ.

ನಿಮ್ಮ ಮಗಳು
ಗಂಗೋತ್ರಿ


ಆದೋನಿ
22 ಸೆಪ್ಟೆಂಬರ್ 2023

ಚಿ. ಗಂಗೋತ್ರಿ,

ಆ ಡಬ್ಬಿ ತೆಗೆಯಬೇಡ.

ಎರಡು ಮಾತು ಬರೆದು ತಿಳಿಸು. ಕಾರಿನ ಇನ್ನೊಂದು ಕೀಲಿ ಯಾರ ಹತ್ತಿರ ಇದೆ? ಕಾರು ನಿಂತ ದಿನ ಬಾನೆಟ್ಟಿನ ಅಂಚಿನ ಧೂಳಿನಲ್ಲಿ ಕೈಗುರುತು ಇರುತ್ತದೆಯೇ?

ಅಪ್ಪ


ಹೊಳಗುಂದ
30 ಸೆಪ್ಟೆಂಬರ್ 2023

ಅಪ್ಪನಿಗೆ ಶರಣು.

ಇನ್ನೊಂದು ಕೀಲಿ ಇವರ ಬೀರುವಿನಲ್ಲಿದೆ.

ಕೈಗುರುತು ಇದೆ. ನೀವು ಕೇಳಿದ ಮೇಲೆ ಬಾನೆಟ್ಟನ್ನು ಒರೆಸದೆ ಬಿಟ್ಟೆ. ಮೊನ್ನೆ ಕಾರು ನಿಂತಿತು, ಹೋಗಿ ನೋಡಿದರೆ ನಾಲ್ಕು ಬೆರಳು. ಆ ಗುರುತಿನ ಮೇಲೆ ನನ್ನ ಕೈ ಇಟ್ಟು ನೋಡಿದೆ. ನನ್ನ ಕೈಗಿಂತ ದೊಡ್ಡದು. ಮಾರೆಣ್ಣ ಹೊಲದ ಕೆಲಸಕ್ಕೆ ಹೋಗಿ ವಾರವಾಗಿದೆ.

ನಾನು ಯೋಚಿಸುತ್ತಿರುವುದನ್ನೇ ನೀವೂ ಯೋಚಿಸುತ್ತಿದ್ದೀರಾ? ಅದನ್ನು ಕಾಗದದ ಮೇಲೆ ಬರೆಯಲು ನನಗೆ ಕೈ ಬರುವುದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ, ಆಮೇಲೆ ಅದೇ ಮನೆಯಲ್ಲಿ ಊಟಕ್ಕೆ ಬಡಿಸುವುದು ಹೇಗೆ? ಒಂದು ಸಲ ಬನ್ನಿ. ನೀವೇ ನೋಡಿ ಹೇಳಿ. ಅವರು ಏನೂ ಮಾಡಿಲ್ಲ, ನನ್ನ ತಲೆ ಕೆಟ್ಟಿದೆ ಎಂದು ನೀವು ಹೇಳಿದರೆ ಹಾಗೇ ನಂಬುತ್ತೇನೆ. ಬೇರೆ ಯಾರು ಹೇಳಿದರೂ ನಂಬುವುದಿಲ್ಲ.

ಭಾನುವಾರ ಬರುತ್ತೀರಾ?

ನಿಮ್ಮ ಮಗಳು
ಗಂಗೋತ್ರಿ


ಹೊಳಗುಂದ
29 ಅಕ್ಟೋಬರ್ 2023

ಅಪ್ಪನಿಗೆ ಶರಣು.

ನೀವು ಬಂದು ಹೋಗಿ ಮೂರು ವಾರವಾಯಿತು. ಬರೆಯಲು ಮನಸ್ಸಾಗಿರಲಿಲ್ಲ.

ಆ ಭಾನುವಾರ ನಾನು ಟಾರ್ಚ್ ಹಿಡಿದುಕೊಂಡು ಬಂದೆ. ನೀವು, "ಒಳಗ ಹೋಗಮ್ಮ, ಬಿಸಿಲು ಬಾಳ ಐತಿ. ಉಗ್ಗಾಣಿ ಮಾಡು, ತಿಂದು ಬಾಳ ದಿನ ಆತು" ಎಂದಿರಿ. ನಾನು ಮಂಡಕ್ಕಿ ನೆನೆಸಿ, ಬಜ್ಜಿ ಕರಿದು ತರುವಷ್ಟರಲ್ಲಿ ನೀವೂ ಇವರೂ ಶೆಡ್ಡಿನಲ್ಲಿ ನಗುತ್ತಾ ಕೂತಿದ್ದಿರಿ. ನಿಮಗೆ ಕೇಳಿಸಲೆಂದು ಅವರು ಅಷ್ಟು ಹತ್ತಿರ ಬಾಗಿ ಮಾತಾಡಿದ್ದನ್ನು ನಾನು ನೋಡಿರಲೇ ಇಲ್ಲ. ಹೋಗುವಾಗ ನನ್ನ ತಲೆ ಮುಟ್ಟಿ, "ವೈರಿಂಗ್ ಹಳೇದಾಗೈತಮ್ಮ. ಯಾರ ತಪ್ಪೂ ಅಲ್ಲ" ಎಂದಿರಿ.

ನಂಬಿದೆ. ಸಂಜೆ ಅವರ ಹತ್ತಿರ ಹೋಗಿ ನಾನಾಗಿಯೇ ತಪ್ಪಾಯಿತು ಎಂದೆ. ಏತಕ್ಕೆ ಎಂದು ಅವರು ಕೇಳಲಿಲ್ಲ. "ಇರ್ಲಿ ಬಿಡು" ಎಂದರು.

ಒಂದು ವಾರ ಕಾರು ಚೆನ್ನಾಗಿ ಓಡಿತು. ಆಮೇಲೆ ಮೊದಲಿಗಿಂತ ಕೆಟ್ಟಿತು. ಬಾನೆಟ್ಟಿನ ಮೇಲೆ ಈಗ ಯಾವ ಗುರುತೂ ಇಲ್ಲ, ಧೂಳು ಹಾಗೇ ಇರುತ್ತದೆ. ಆಯುಧ ಪೂಜೆಯ ದಿನ ನಾನು ಕಾರು ತೊಳೆದು ಹೊರಗೆ ತರಲು ಹೋದರೆ ಅಲುಗಲಿಲ್ಲ. ಇವರ ಸ್ನೇಹಿತರು ನಾಲ್ಕು ಜನ ನೂಕಿ ಅಂಗಳಕ್ಕೆ ತಂದರು. ಇವರು ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು, "ಇದು ನಮ್ಮ ಗಂಗೋತ್ರಿ ದೇವ್ರು. ಕುಂತಲ್ಲೇ ಪೂಜಿ, ಎಲ್ಲೂ ಹೋಗಂಗಿಲ್ಲ" ಎಂದರು. ಎಲ್ಲರೂ ನಕ್ಕರು. ಹಾರ ಹಾಕಿಸಿಕೊಂಡ ಕಾರಿನ ಪಕ್ಕ ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ.

ಕೆಲಸ ಹೋಯಿತು. ರಾಮಲಕ್ಷ್ಮಿ ಮೇಡಂ ಒಳ್ಳೆಯವರು, ಬೈಯಲಿಲ್ಲ. "ನೀ ಚೆಯ್ಯಿ ಮಂಚಿದಮ್ಮಾ, ಒಳ್ಳೇ ಕೈ. ಆದರ ನೀನ ಬರದಿದ್ರ ಆ ಕೈ ತಗೊಂಡು ನಾವೇನ್ ಮಾಡಬೇಕು?" ಎಂದರು. ಭೀಮಲಿಂಗಪ್ಪನಿಗೆ ಹೇಳದೆ ಬಂದೆ.

ಮನೆಗೆ ಬಂದಾಗ ಅತ್ತೆ ಪಾಯಸ ಮಾಡಿದ್ದರು. ಏನು ವಿಶೇಷ ಎಂದೆ. ಸುಮ್ಮನೆ ಎಂದರು.

ಕೆಲವು ದಿನ ಆದೋನಿಗೆ ಬಂದು ಇರಲೇ ಅಪ್ಪ?

ನಿಮ್ಮ ಮಗಳು
ಗಂಗೋತ್ರಿ


ಆದೋನಿ
18 ನವೆಂಬರ್ 2023

ಚಿ. ಗಂಗೋತ್ರಿಗೆ ಆಶೀರ್ವಾದ.

ಸುಷ್ಮಾಳ ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಗುರುಬಸಮ್ಮನವರು ಮುಂದೆ ನಿಂತು ಎಲ್ಲ ನಡೆಸಿದರು. ನೀನು ಅಡುಗೆಮನೆಯಲ್ಲೇ ಇದ್ದೆ, ಮಾತಾಡಲು ಆಗಲಿಲ್ಲ. ನಿನ್ನ ಅಮ್ಮ, ಗಂಗೋತ್ರಿ ಇಳಿದು ಹೋಗಿದ್ದಾಳೆ ಎನ್ನುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ಕಾರಿನ ಚಿಂತೆ ಬಿಡು. ಹಳೆಯ ಕಾರು ಎಂದರೆ ಹಾಗೇ. ವೈರಿನ ಮೇಲಿನ ತೊಗಲು ಒಣಗಿ ಬಿರಿದಿರುತ್ತದೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಡುತ್ತದೆ. ಮಾರಿಬಿಡಲು ಅಳಿಯ ಉದಯಕುಮಾರರಿಗೆ ಹೇಳಿದ್ದೇನೆ. ಹೆಂಗಸರಿಗೆ ಬೆಳಗಿನ ಪಾಳಿ ಎಂಬುದು ಮೊದಲಿನಿಂದಲೂ ನನಗೆ ಸರಿ ಕಾಣಲಿಲ್ಲ. ದೇವರು ಯಾವುದೋ ದಾರಿಯಲ್ಲಿ ತಪ್ಪಿಸಿದ.

ಈಗ ಇಲ್ಲಿಗೆ ಬರುವುದು ಬೇಡ. ಮದುವೆಯ ಮನೆ, ಜನ ಬಂದು ಹೋಗುತ್ತಾರೆ. ನೀನಿದ್ದರೆ ಏಕಿದ್ದಾಳೆ ಎನ್ನುತ್ತಾರೆ.

ನಿನ್ನ ಅಪ್ಪ
ಚನ್ನಬಸಯ್ಯ


ಹೊಳಗುಂದ
17 ಜನವರಿ 2024

ಅಪ್ಪನಿಗೆ,

ಸಂಕ್ರಾಂತಿಯ ಮರುದಿನ ಇವರು ಹತ್ತಿಯ ಲಾರಿಯ ಜೊತೆ ಆದೋನಿ ಮಾರ್ಕೆಟ್ಟಿಗೆ ಬಂದಿದ್ದರು. ಅತ್ತೆ ಪೆದ್ದಕಡುಬೂರಿನಲ್ಲಿದ್ದರು. ಕಾರನ್ನು ನೋಡಲು ಯಾರೋ ಬರುತ್ತಾರೆ, ತೊಳೆದಿಡು ಎಂದು ಹೇಳಿ ಹೋಗಿದ್ದರು. ತೊಳೆದೆ. ತೊಳೆದ ಮೇಲೆ, ಮಾರುವ ಮೊದಲು ಒಂದು ಸಲವಾದರೂ ದೋಷ ಎಲ್ಲಿದೆ ಎಂದು ಕಂಡುಹಿಡಿಯಬೇಕು ಎನಿಸಿತು. ಓಡಿಸುವ ಆಸೆಗಲ್ಲ. ನನಗೆ ತಲೆ ನೆಟ್ಟಗಿದೆಯೇ ಎಂದು ತಿಳಿಯಬೇಕಿತ್ತು.

ನೀವು ಬೇಡವೆಂದ ಕರಿ ಡಬ್ಬಿಯ ಮುಚ್ಚಳ ತೆಗೆದೆ. ಮುಚ್ಚಳದ ಒಳಗೇ ಯಾವುದು ಏನೆಂದು ಚಿತ್ರವಿದೆ. ಕೀಲಿಯ ಹುಕುಂ ದಾಟಿಸುವ ಸ್ಟಾರ್ಟರಿನ ರಿಲೇ ಕಿತ್ತು, ಪಕ್ಕದ ಹಾರ್ನಿನ ರಿಲೇ ಕಿತ್ತು, ಅದನ್ನು ಇದರಲ್ಲಿ ಇದನ್ನು ಅದರಲ್ಲಿ ಹಾಕಿದೆ. ಹಾರ್ನ್ ಹೊಡೆಯಿತು. ಹಾಗಾದರೆ ಸ್ಟಾರ್ಟರಿನ ರಿಲೇ ಚೆನ್ನಾಗಿದೆ. ಕೊಂಡಮ್ಮನನ್ನು ಕೂರಿಸಿ ಕೀಲಿ ತಿರುಗಿಸಿದೆ, ಕೀಲಿಯಿಂದ ರಿಲೇಗೆ ಬರುವ ಜಾಗದಲ್ಲಿ ಬಲ್ಬು ಹತ್ತಲಿಲ್ಲ. ಸ್ಟೀರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ ಕೀಲಿಯ ಬೆನ್ನಿಗೆ ಮುಟ್ಟಿಸಿದೆ, ಹತ್ತಿತು. ಅಂದರೆ ಹುಕುಂ ಹೊರಡುತ್ತದೆ, ನಡುವೆ ಎಲ್ಲೋ ಸಾಯುತ್ತದೆ. ದೋಷ ವೈರಿನ ಎರಡು ತುದಿಗಳ ನಡುವೆಯೇ ಕೂತಿರುತ್ತದೆ ಎಂದು ನೀವೇ ಬರೆದಿದ್ದಿರಿ.

ಮೊಣಕಾಲೂರಿ ಕೂತು ಆ ವೈರಿನ ಮೇಲೆ ಬೆರಳಾಡಿಸುತ್ತಾ ಹೋದೆ. ಪೆಡಲುಗಳ ಮೇಲೆ ಒಂದು ಕಡೆ ದಪ್ಪವಾಗಿ ಸಿಕ್ಕಿತು. ಹೊಸ ಟೇಪು. ಅಲ್ಲಿಂದ ಎರಡು ವೈರು ಕಾರ್ಪೆಟ್ಟಿನ ಕೆಳಗೆ ಇಳಿದು ಡ್ರೈವರ್ ಸೀಟಿನ ಅಡಿಗೆ ಹೋಗಿದ್ದವು. ಸೀಟಿನ ಕಂಬಿಯ ಒಳಮಗ್ಗುಲಲ್ಲಿ, ಕೂತವರಿಗೆ ಕಾಣದ ಹಾಗೆ, ಒಂದು ಸಣ್ಣ ಸ್ವಿಚ್ಚು. ಅದನ್ನು ಎತ್ತಿದೆ. ಕೊಂಡಮ್ಮ ಕೀಲಿ ತಿರುವಿದಳು, ಕಾರು ಸ್ಟಾರ್ಟ್ ಆಯಿತು. "ಯಾರಮ್ಮಾ ಇದನ್ನ ಇಟ್ಟೋರು?" ಎಂದು ಆಕೆ ಕೇಳಿದಳು.

ನಾನು ಟೇಪು ಬಿಚ್ಚಿದೆ. ಟೇಪಿನ ಕೆಳಗೆ ಜೋಡಣೆಯ ಮೇಲೆ ಮೇಣ ಹಚ್ಚಿದ ಹತ್ತಿಯ ದಾರ ಸುತ್ತಿತ್ತು. ಒಂದರ ಪಕ್ಕ ಒಂದು, ಎಲ್ಲೂ ಏರದ ಹಾಗೆ ಒತ್ತಾಗಿ, ಕೊನೆಯ ಗಂಟು ಒಳಕ್ಕೆ ಎಳೆದು. ಬಿಸಿಲಿಗೆ ಟೇಪಿನ ಗೋಂದು ಜಾರಿದರೂ ಜೋಡಣೆ ಬಿಡಬಾರದು ಎಂದು ನನಗೆ ಹೇಳಿಕೊಟ್ಟವರು ನೀವು. ಆದೋನಿಯಲ್ಲಿ ಇನ್ನೊಬ್ಬರು ಹಾಗೆ ಸುತ್ತುವುದನ್ನು ನಾನು ನೋಡಿಲ್ಲ.

ಸಂಜೆ ಇವರು ಬಂದಾಗ ಕೇಳಿದೆ. ಮುಖ ತೊಳೆಯುತ್ತಾ ಹೇಳಿದರು: "ನಿಮ್ಮಪ್ಪನೇ ಹಾಕಿದ್ದು. ಕಳ್ಳರ ಕಾಟಕ್ಕ. ಹೋಗಿ ಕೇಳು."

"ಕಳ್ಳ ಯಾರು?" ಎಂದೆ.

"ನೋಡು, ನಾ ನಿನ್ನ ಹೊಡದೀನೇನು? ಉಪವಾಸ ಕೆಡವೀನೇನು? ಒಂದಿನ ಬ್ಯಾಡ ಅಂದೀನೇನು?" ಟವೆಲ್ಲಿಗೆ ಕೈ ಚಾಚಿದರು. ನಾನು ಕೊಟ್ಟೆ. ಅಭ್ಯಾಸಬಲ.

ಅವರನ್ನು ಇನ್ನೇನೂ ಕೇಳುವುದಿಲ್ಲ. ನಿಮ್ಮನ್ನು ಒಂದೇ ಕೇಳುತ್ತೇನೆ. ಅವರು ಬೇಡಿದರೇ, ನೀವಾಗಿಯೇ ಹೇಳಿದಿರಾ?

ಗಂಗೋತ್ರಿ


ಆದೋನಿ
24 ಜನವರಿ 2024

ಗಂಗೋತ್ರಿ,

ಕೇಳಿದ್ದೀಯ, ಹೇಳುತ್ತೇನೆ. ನಾನಾಗಿಯೇ ಹೇಳಿದೆ.

ಅವರು ರಿಲೇ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಕ್ಕಳ ಕೆಲಸ. ಬಾನೆಟ್ಟಿನ ತುಂಬಾ ಕೈಗುರುತು. ಇನ್ನೊಂದು ವಾರದಲ್ಲಿ ನೀನು ಹಿಡಿಯುತ್ತಿದ್ದೆ. ಹಿಡಿದಿದ್ದರೆ ಜಗಳವಾಗುತ್ತಿತ್ತು, ನೀನು ಪೆಟ್ಟಿಗೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದೆ. ಸುಷ್ಮಾಳ ನಿಶ್ಚಿತಾರ್ಥ ಮುಂದಿತ್ತು. ಗಂಡನನ್ನು ಬಿಟ್ಟು ಬಂದ ಅಕ್ಕ ಮನೆಯಲ್ಲಿದ್ದರೆ ಆ ಮಿಲ್ಲಿನವರು ನಮ್ಮ ಹೊಸಿಲು ತುಳಿಯುತ್ತಿದ್ದರೇ? ಅದೂ ಅದೇ ಮನೆತನದವರು.

ಅಳಿಯನಿಗೆ ಬುದ್ಧಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳಿದರೆ ಅವರಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾದ ಗಂಡಸು ಅದನ್ನು ಹೆಂಡತಿಯ ಮೇಲೆಯೇ ತೀರಿಸಿಕೊಳ್ಳುತ್ತಾನೆ. ವೈರು ಕತ್ತರಿಸಿದರೆ ಮತ್ತೆ ಜೋಡಿಸಬಹುದು. ಒಂದು ವೈರು ಕತ್ತರಿಸಿ ನಾನು ಎರಡು ಮನೆ ಉಳಿಸಿದೆ. ನಿನ್ನ ಕೆಲಸ ಹೋಯಿತು, ಗೊತ್ತು. ಕೆಲಸ ಊಟಕ್ಕಾಗಿ. ಊಟ ನಿನಗಿದೆ.

ದಾರ ಸುತ್ತಬಾರದಿತ್ತು. ಬರೀ ಟೇಪು ಸಾಕಿತ್ತು. ಕೈ ಕೇಳಲಿಲ್ಲ.

ನೀನು ಹುಡುಕಿದ ರೀತಿ ಸರಿಯಾಗಿದೆ. ರಿಲೇ ಅದಲುಬದಲು ಮಾಡಿದ್ದು ನಾನು ಹೇಳಿಕೊಟ್ಟಿರಲಿಲ್ಲ.

ಫೆಬ್ರುವರಿ ಹದಿನೆಂಟಕ್ಕೆ ಬೀಗರು ಮದುವೆಯ ದಿನ ಗೊತ್ತು ಮಾಡಲು ಬರುತ್ತಾರೆ. ನಿನ್ನ ಅಮ್ಮನಿಗೆ ಇದೊಂದೂ ತಿಳಿಯಬಾರದು. ಟೇಪು ಮತ್ತೆ ಸುತ್ತಿಬಿಡು.

ಚನ್ನಬಸಯ್ಯ


ಬಳ್ಳಾರಿ
25 ಫೆಬ್ರುವರಿ 2024

ಅಪ್ಪನಿಗೆ,

ಹದಿನೆಂಟನೇ ತಾರೀಖು ನಿಮ್ಮ ಮನೆಯ ಪಡಸಾಲೆಯಲ್ಲಿ ನಡೆದದ್ದನ್ನು ನೀವು ಕಣ್ಣಾರೆ ಕಂಡಿರಿ. ಆದರೆ ಏನು ಮಾತಾಯಿತೆಂದು ನಿಮಗೆ ಕೇಳಿಸಿಲ್ಲ. ಅಮ್ಮ ನಿಮಗೆ ಹೇಳಿರುವುದಿಲ್ಲ. ಬೇರೆ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ಬೆಳಿಗ್ಗೆ ಇವರು, ಅತ್ತೆ, ಹಣ್ಣಿನ ಬುಟ್ಟಿ, ಸೀರೆಯ ಪೆಟ್ಟಿಗೆ ಎಲ್ಲ ದೊಡ್ಡ ಕಾರಿಗೆ ತುಂಬಿಕೊಂಡರು. ನಾನು ರೇಷ್ಮೆ ಸೀರೆ ಉಟ್ಟು ಬಾಗಿಲಿಗೆ ಬಂದೆ. ಇವರು ಗಾಜು ಇಳಿಸಿ, "ಜಾಗ ಇಲ್ಲ ನೋಡು. ನೀನು ನಿನ್ನ ಕಾರ್ನಾಗ ಬಾ" ಎಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಹೊರಟುಹೋದರು. ಬಿಳಿ ಕಾರಿಗೆ ಇನ್ನೂ ಗಿರಾಕಿ ಸಿಕ್ಕಿರಲಿಲ್ಲ. ಸ್ವಿಚ್ಚಿನ ಹತ್ತಿರ ನಾನಿನ್ನು ಕೈ ಹಾಕುವುದಿಲ್ಲ ಎಂದು ಅವರಿಗೆ ಅಷ್ಟು ನಂಬಿಕೆ.

ನಾನು ಸೀರೆ ಮೇಲೆ ಸಿಕ್ಕಿಸಿ, ಬಳೆ ತೆಗೆದಿಟ್ಟು, ಬ್ಯಾಟರಿಯ ಮೈನಸ್ ಬಿಚ್ಚಿ ಪೆಡಲುಗಳ ಕೆಳಗೆ ತಲೆ ಹಾಕಿ ಮಲಗಿದೆ. ನಿಮ್ಮ ಜೋಡಣೆ ಕತ್ತರಿಸಿ ಸ್ವಿಚ್ಚು ಹೊರಗೆ ತೆಗೆದೆ. ಮೊದಲಿನ ವೈರಿನ ಎರಡು ತುದಿಗಳನ್ನು ಕೂಡಿಸಿ ಹೊಸೆದು ಟೇಪು ಸುತ್ತಿದೆ. ಬರೀ ಟೇಪು.

ಆದೋನಿ ಮುಟ್ಟಿದಾಗ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ನಡುವೆ ಎಲೆ ಅಡಿಕೆಯ ತಟ್ಟೆ. ನಾನು ಸ್ವಿಚ್ಚನ್ನು ಅದರಲ್ಲಿ ಇಟ್ಟೆ. ನಿಮ್ಮ ಮುಖ ಬಿಳುಚಿದ್ದು ನೋಡಿದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ರಿಲೇ, ಬೆರಳಿನ ಗುರುತು, ಭಾನುವಾರ ನೀವು ಬಂದದ್ದು, ಕೆಲಸ ಹೋದದ್ದು. ಅಮ್ಮ ಗೋಡೆ ಹಿಡಿದುಕೊಂಡಳು. ನಾನು ಹೇಳುತ್ತಿದ್ದುದು ನಿಮಗೆ ಕೇಳದಿದ್ದರೂ ಏನೆಂದು ತಿಳಿದಿತ್ತು. ಎಲ್ಲ ಮುಗಿಯಿತು, ಬೀಗರು ಎದ್ದು ಹೋಗುತ್ತಾರೆ ಎಂದು ನೀವು ಎರಡು ಕೈ ಜೋಡಿಸಿಬಿಟ್ಟಿರಿ. ನಿಜ ಹೇಳುತ್ತೇನೆ, ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಾಗಲೆಂದೇ ಬಂದಿದ್ದೆ.

ಯಾರೂ ಏಳಲಿಲ್ಲ.

ಅತ್ತೆ ಮೊದಲು ಮಾತಾಡಿದರು. "ಇಷ್ಟ ಏನು? ಆಕಿ ಬಂದು ನಿಂತ ಪರಿ ನೋಡಿ ನಾನು ಉದಯ ಎಲ್ಲಿ ಹೊಡದಾನೋ ಅಂತ ಗಾಬರಿ ಆಗಿದ್ದೆ."

ಸಿದ್ದಲಿಂಗೇಶನ ತಂದೆ ತಟ್ಟೆಯಿಂದ ಸ್ವಿಚ್ಚು ಎತ್ತಿಕೊಂಡರು. ಮೇಲೆ ಕೆಳಗೆ ಮಾಡಿ ಟಿಕ್ ಟಿಕ್ ಎನಿಸಿದರು. "ಮಂಚಿ ಐಡಿಯಾ ಐತಲ್ರಿ ಅಯ್ಯನೋರ" ಎಂದರು. "ನಮ್ಮ ಹುಡುಗ ಮದುವಿಗೆ ಹೊಸ ಕಾರ್ ತಗೊಳ್ತಾನ. ಅದಕ್ಕೂ ಒಂದು ಹಾಕಿ ಕೊಟ್ಟುಬಿಡ್ರಿ. ಅಳಿಯ ಅಂದಮ್ಯಾಲ ಇಬ್ಬರಿಗೂ ಒಂದ ಲೆಕ್ಕ ಇರಬೇಕು."

ಪಡಸಾಲೆಯೇ ನಕ್ಕಿತು. ಇವರು ನಕ್ಕರು. ಮದುಮಗ ತಲೆ ತಗ್ಗಿಸಿ ನಕ್ಕ. ನೀವು ಒಬ್ಬೊಬ್ಬರ ಮುಖವನ್ನೂ ನೋಡಿದಿರಿ. ಯಾರಿಗೂ ಸಿಟ್ಟಿಲ್ಲ ಎಂದು ತಿಳಿಯಿತು. ಜೋಡಿಸಿದ ಕೈ ಬಿಟ್ಟು ನೀವೂ ನಕ್ಕಿರಿ, ಕಣ್ಣಲ್ಲಿ ನೀರು ಬರುವಷ್ಟು. "ಆಗ್ಲಿ, ಆಗ್ಲಿ" ಎಂದಿರಿ. ಅವರು ಏನು ಕೇಳಿದರೆಂದು ತಿಳಿಯದೆ ಒಪ್ಪಿಕೊಂಡಿರಿ.

ನೀವು ಏನು ಒಡೆದು ಹೋಗುತ್ತದೆಂದು ಹೆದರಿ ನನ್ನ ವೈರು ಕತ್ತರಿಸಿದಿರೋ ಅದಕ್ಕೆ ಒಂದು ಗೀರೂ ಬೀಳಲಿಲ್ಲ. ಮೊದಲೇ ಹೇಳಿದ್ದರೂ ಬೀಳುತ್ತಿರಲಿಲ್ಲ. ಇವೆಲ್ಲ ಅವರಿಗೆ ಮಾತೇ ಅಲ್ಲ.

ನಾನು ಇಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ರಾಮಲಕ್ಷ್ಮಿ ಮೇಡಂ ಯಾರಿಗೋ ಮಾತಾಡಿ ಬಳ್ಳಾರಿಯಲ್ಲೇ ಕೆಲಸ ಕೊಡಿಸಿದ್ದಾರೆ. ಸಿರುಗುಪ್ಪದ ಭೀಮಲಿಂಗಪ್ಪನ ಬಗ್ಗೆ ಕೇಳಿದೆ. ಸಂಕ್ರಾಂತಿಯ ನಂತರ ಅವನು ಬರುವುದನ್ನೇ ಬಿಟ್ಟನಂತೆ. ಊರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲವಂತೆ.

ಇವರು ಇನ್ನೂ ಬಂದಿಲ್ಲ. ಫೋನ್ ಮಾಡಿ, "ಊರು ಸುತ್ತಿ ಬಾ, ನಾ ಬ್ಯಾಡ ಅನ್ನಂಗಿಲ್ಲ" ಎಂದರು.

ಸುಷ್ಮಾಳ ಮಾತೊಂದು ಉಳಿಯಿತು. ಎಲ್ಲರೂ ನಗುವಾಗ ಅವಳು ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಗಲಿಲ್ಲ. ಟ್ರೇ ಇಳಿಸಲೂ ಇಲ್ಲ. ಮಾವನಾಗುವವರಿಗೆ ಮೊದಲು, ಆಮೇಲೆ ಹಿರಿತನ ನೋಡಿ ಒಬ್ಬೊಬ್ಬರಿಗೂ ಕೊಟ್ಟಳು. ನಾನು ಹೊರಡುವಾಗ ಕಾರಿನವರೆಗೂ ಬಂದಳು.

"ಹತ್ತು ಸುಷ್ಮಾ. ಹಂಗ ಬಾ, ಏನೂ ತಗೋಬ್ಯಾಡ" ಎಂದೆ. ಆ ಕಡೆಯ ಬಾಗಿಲನ್ನೂ ತೆರೆದೆ.

ಅವಳು ನನ್ನ ಸೀರೆಗೆ ಹತ್ತಿದ್ದ ಗ್ರೀಸನ್ನು ಉಗುರಿನಿಂದ ಕೆರೆದಳು. ಹೋಗಲಿಲ್ಲ. ಆಮೇಲೆ ನನ್ನನ್ನು ಸಮಾಧಾನ ಮಾಡುವಂತೆ, ನಾನೇ ಚಿಕ್ಕವಳೆಂಬಂತೆ ಹೇಳಿದಳು:

"ನನಗೇನೂ ಆಗಂಗಿಲ್ಲಕ್ಕ. ನನಗ ಕಾರ್ ಹೊಡಿಯಾಕ ಬರಂಗಿಲ್ಲಲ್ಲ."

ಅಷ್ಟರಲ್ಲಿ ಒಳಗಿನಿಂದ ನೀವು ಅವಳ ಹೆಸರು ಹಿಡಿದು ಕೂಗಿದಿರಿ. ಅವಳು ಬಾಗಿಲು ಮುಚ್ಚಿ ಒಳಗೆ ಹೋದಳು.

ಗಂಗೋತ್ರಿ